ಬಾಗಿಲಲ್ಲಿ ಕಾದವರು

ಗೆಳೆಯರೇ, ನಮ್ಮೂರುಗಳಲ್ಲಿ ಲಾಡ್ಜ್ ಎಂದರೆ ಬಸ್ ನಿಲ್ದಾಣದ ಎದುರಿನ ಬಾಡಿಗೆ ಕೋಣೆ. ಹಾಗಾಗಿ, ವಿವೇಕಾನಂದರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲ್ಕತ್ತಾದ ಒಂದು ಲಾಡ್ಜಿಗೆ ಸೇರಿದ್ದರು ಎಂದು ನಾನು ಹೇಳಿದರೆ ನಿಮ್ಮಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕುತ್ತೀರಿ. ಇದು ಆ ಲಾಡ್ಜ್ ಅಲ್ಲ, ಫ್ರೀಮೇಸನ್ನರೆಂಬ ಸೋದರ ಸಂಘದವರ ಲಾಡ್ಜ್, ಅಂದರೆ ಅವರ ಸ್ಥಳೀಯ ಶಾಖೆ.

ಮೇಸನ್ ಎಂದರೆ ಕಲ್ಲುಕುಟಿಗ. 1717ರಲ್ಲಿ ಲಂಡನ್ನಿನ ನಾಲ್ಕು ಲಾಡ್ಜ್‌ಗಳ ಜನ ಒಂದು ಪಾನಗೃಹದಲ್ಲಿ ಕೂಡಿ ಗ್ರ್ಯಾಂಡ್ ಲಾಡ್ಜ್ ಎಂಬ ಮೇಲಿನ ಸಂಸ್ಥೆ ಕಟ್ಟಿದರು ಎಂಬುದು ಅವರೇ ಹೇಳಿಕೊಂಡು ಬಂದ ಕಥೆ. ಅಷ್ಟು ಹೊತ್ತಿಗೆ ಉಳಿ ಸುತ್ತಿಗೆ ಹಿಡಿಯುವವರು ಹಿಂದೆ ಸರಿದು, ಮುಂದಿನ ಸಾಲಿನಲ್ಲಿ ದೊರೆಗಳೂ ಪಂಡಿತರೂ ಕೂರಲಾರಂಭಿಸಿದ್ದರು. ಗಾರೆ ಕೆಲಸದವರ ಮೂಲೆಮಟ್ಟ, ಕೈವಾರ, ತೂಕದ ಗುಂಡು ಮಾತ್ರ ಉಳಿದುಕೊಂಡವು, ಅದೂ ನಡತೆಯ ಸಂಕೇತಗಳಾಗಿ. ಜೊತೆಗೆ ಕುರಿಚರ್ಮದ ಬಿಳಿ ಏಪ್ರನ್. ಎಲ್ಲರೂ ಒಪ್ಪುವ ಧರ್ಮವೊಂದಿದ್ದರೆ ಸಾಕು, ಉಳಿದ ನಂಬಿಕೆ ಅವರವರಿಗೆ ಬಿಟ್ಟದ್ದು ಎಂದು 1723ರ ನಿಯಮಾವಳಿ ಹೇಳಿತು. ಜೀತದವರಿಗೂ ಹೆಂಗಸರಿಗೂ ಪ್ರವೇಶವಿಲ್ಲ ಎಂದೂ ಅದೇ ನಿಯಮಾವಳಿ ಹೇಳಿತು.

ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ದೊಡ್ಡ ಹೆಸರುಗಳ ಸರವನ್ನೇ ಪೋಣಿಸುತ್ತಾರೆ. ವಾಷಿಂಗ್ಟನ್, ಫ್ರ್ಯಾಂಕ್ಲಿನ್, ಮೊಜಾರ್ಟ್, ನಮ್ಮ ಮೋತಿಲಾಲ್ ನೆಹರೂ. ಲೋಕವನ್ನೆಲ್ಲ ಇವರೇ ಗುಟ್ಟಾಗಿ ಆಳುತ್ತಿದ್ದರು ಎಂಬ ಕಥೆಯೂ ಅದಕ್ಕೆ ಒಗ್ಗರಣೆಯಾಗಿ ಬೀಳುತ್ತದೆ. ನನಗೆ ಆ ಕಥೆಯಲ್ಲಿ ಆಸಕ್ತಿಯಿಲ್ಲ. ಯಾರಿಗೆ ಬಾಗಿಲು ಥಟ್ಟನೆ ತೆರೆಯಿತು, ಯಾರು ಎಷ್ಟು ವರ್ಷ ಹೊರಗೆ ನಿಂತರು, ನನ್ನ ಕುತೂಹಲ ಅಷ್ಟೇ.

ಥಟ್ಟನೆ ತೆರೆದದ್ದಕ್ಕೆ ಫ್ರೆಂಚ್ ಲೇಖಕ ವಾಲ್ಟೇರನೇ ಸಾಕ್ಷಿ. 1778ರ ಏಪ್ರಿಲ್ 7, ಪ್ಯಾರಿಸ್ಸಿನ ‘ಒಂಬತ್ತು ಸೋದರಿಯರು’ ಎಂಬ ಲಾಡ್ಜ್. ಎಂಬತ್ತಮೂರರ ಮುದುಕ ಫ್ರ್ಯಾಂಕ್ಲಿನ್ನನ ತೋಳು ಹಿಡಿದು ಒಳಗೆ ಬಂದ. ಹೊಸಬರ ಕಣ್ಣಿಗೆ ಬಟ್ಟೆ ಕಟ್ಟಿ ಕರೆತರುವ ಪದ್ಧತಿಯಿಂದ ಇವನಿಗೆ ವಿನಾಯಿತಿ ಸಿಕ್ಕಿತು. ಅಧ್ಯಕ್ಷ ಪೀಠದಲ್ಲಿದ್ದವನು ಖಗೋಳ ವಿಜ್ಞಾನಿ ಲಲಾಂದ್. ದಿವಂಗತ ತತ್ವಜ್ಞಾನಿ ಹೆಲ್ವೇಷಿಯಸ್ ಧರಿಸುತ್ತಿದ್ದ ಏಪ್ರನ್ನನ್ನು ತಂದು ಕೊಟ್ಟಾಗ ವಾಲ್ಟೇರ್ ಅದಕ್ಕೆ ಮುತ್ತಿಟ್ಟ. ಎರಡು ತಿಂಗಳು ಕಳೆಯುವ ಮೊದಲೇ, ಮೇ 30ರಂದು, ತೀರಿಕೊಂಡ. ಅವನು ಸೇರಿದ್ದರಿಂದ ಗೌರವ ಬಂದದ್ದು ಲಾಡ್ಜಿಗೇ ಹೊರತು ಅವನಿಗಲ್ಲ.

ಅದಕ್ಕೆ ಮೂರು ವರ್ಷ ಮೊದಲು ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಎಂಬ ಸ್ವತಂತ್ರ ಕಪ್ಪು ಮನುಷ್ಯನಿದ್ದ. ಪ್ರಿನ್ಸ್ ಎಂಬುದು ಅವನ ಹೆಸರು, ಪದವಿಯಲ್ಲ. ಊರಿನ ಬಿಳಿಯರ ಲಾಡ್ಜ್ ಅವನನ್ನು ಸೇರಿಸಿಕೊಳ್ಳಲಿಲ್ಲ. ಸೇರಿಸಿಕೊಂಡವರು ಯಾರು ಗೊತ್ತೇ? ಬ್ರಿಟಿಷ್ ಪಡೆಯೊಳಗಿದ್ದ ಐರಿಷ್ ಲಾಡ್ಜಿನವರು, 1775ರ ಮಾರ್ಚಿನಲ್ಲಿ. ಅವನ ಜೊತೆ ಇನ್ನೂ ಹದಿನಾಲ್ಕು ಮಂದಿ ಕಪ್ಪು ಜನ ಇದ್ದರು. ಮರುತಿಂಗಳೇ ಅಮೆರಿಕದ ಸ್ವಾತಂತ್ರ್ಯ ಯುದ್ಧ ಸಿಡಿಯಿತು. ಯುದ್ಧ ಗೆದ್ದ ಪಕ್ಷದ ಸೇನಾಪತಿಯೂ ಮೇಸನ್ನೇ. ಆದರೂ ಈ ಹದಿನೈದು ಮಂದಿ ತಮ್ಮ ‘ಆಫ್ರಿಕನ್ ಲಾಡ್ಜ್’ಗೆ ಸನ್ನದು ಬೇಡಿ ಬರೆದದ್ದು ಸಮುದ್ರದಾಚೆಯ ಲಂಡನ್ನಿಗೆ. 1784ರಲ್ಲಿ ಮಂಜೂರಾದ ಆ ಕಾಗದ ಕೈಸೇರಿದ್ದು 1787ರಲ್ಲಿ. ಪಕ್ಕದ ಬೀದಿಯ ಬಿಳಿಯ ಸೋದರರು ಒಪ್ಪಬೇಕಾದರೆ ಇನ್ನೂ ಎರಡು ಶತಮಾನ ಬೇಕಾಯಿತು.

ನಮ್ಮ ನೆಲದಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಇದೇ. ಕರ್ನಾಟಿಕ್ ನವಾಬನ ಹಿರಿಯ ಮಗ ಉಮ್ದತ್-ಉಲ್-ಉಮರಾ 1770ರ ದಶಕದಲ್ಲೇ ತಿರುಚಿರಾಪಳ್ಳಿಯಲ್ಲಿ ಮೇಸನ್ ಆದ. ಲಂಡನ್ನಿನಿಂದ ಅವನಿಗೆ ಅಲಂಕರಿಸಿದ ಏಪ್ರನ್ ಉಡುಗೊರೆಯಾಗಿ ಬಂತು. ಅರಸುಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸುವವರುಂಟೇ! ಆದರೆ 1863ರಲ್ಲಿ ಪ್ರಸನ್ನಕುಮಾರ ದತ್ತ ಎಂಬ ಬಂಗಾಳಿ ಕಲ್ಕತ್ತಾದಲ್ಲಿ ಪ್ರವೇಶ ಕೇಳಿದಾಗ ಕಲ್ಲೇ ಅಡ್ಡ ಬಿತ್ತು. ಹಿಂದೂಗಳು ಹಲವು ದೇವರನ್ನು ಪೂಜಿಸುವವರು, ಒಬ್ಬನೇ ಪರಮಾತ್ಮನ ಮೇಲೆ ಆಣೆ ಇಡುವುದು ಇವರಿಂದ ಹೇಗೆ ಸಾಧ್ಯ ಎಂಬುದು ತಕರಾರು. ಉಪನಿಷತ್ತಿನ ನಾಡಿನವನಿಗೆ ಈ ಪ್ರಶ್ನೆ! ದತ್ತ ಜಗ್ಗಲಿಲ್ಲ. ಅರ್ಜಿ, ಮೇಲ್ಮನವಿ, ವಾದ ವಿವಾದ ಎಂದು ಒಂಬತ್ತು ವರ್ಷ ಬೆನ್ನು ಬಿಡದೆ ಹಿಡಿದು, 1872ರಲ್ಲಿ ‘ಆಂಕರ್ ಅಂಡ್ ಹೋಪ್’ ಲಾಡ್ಜಿನ ಒಳಗೆ ಕಾಲಿಟ್ಟ.

ದತ್ತ ಅರ್ಜಿ ಹಾಕಿದ ವರ್ಷದ ಜನವರಿಯಲ್ಲೇ ಅದೇ ಊರಿನಲ್ಲಿ ನರೇಂದ್ರನಾಥ ಹುಟ್ಟಿದ್ದು. ಹುಡುಗ ಬೆಳೆದು, ಇದೇ ಲಾಡ್ಜಿಗೆ 1884ರ ಫೆಬ್ರವರಿ 19ರಂದು ಸೇರಿದ. ದೇವರು ಒಬ್ಬನೋ ಹಲವರೋ ಎಂಬ ವ್ಯಾಜ್ಯ ಅಷ್ಟರಲ್ಲಿ ಮುಗಿದಿತ್ತು, ತೆರೆದ ಬಾಗಿಲಲ್ಲಿ ನೆಟ್ಟಗೆ ನಡೆದು ಹೋದ. ಒಂದು ವಾರ ತುಂಬುವುದರೊಳಗೆ ತಂದೆ ವಿಶ್ವನಾಥ ದತ್ತರು ತೀರಿಕೊಂಡರು. ವಕೀಲರ ಮನೆ ಎಂಬ ಹೆಸರಿತ್ತು, ಒಳಗೆ ಸಾಲವಿತ್ತು. ಅರ್ಜಿಗಳನ್ನು ಹಿಡಿದು ಕಲ್ಕತ್ತಾದ ಬಿಸಿಲಿನಲ್ಲಿ ಬರಿಗಾಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆದ ದಿನಗಳವು. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಅನ್ನವಿಲ್ಲದಾಗ, ಹೊರಗೆ ಊಟಕ್ಕೆ ಕರೆದಿದ್ದಾರೆ ಎಂದು ತಾಯಿಗೆ ಸುಳ್ಳು ಹೇಳಿ ಹೊರಟುಬಿಡುತ್ತಿದ್ದ. ಆ ನಡುವೆಯೇ ಮೇಸನ್ನರ ದೀಕ್ಷೆಯಲ್ಲಿ ಏಪ್ರಿಲ್ 15ರಂದು ಎರಡನೆಯ ಮೆಟ್ಟಿಲು, ಮೇ 20ರಂದು ಮೂರನೆಯದು.

ಆ ಮೂರನೆಯ ಮೆಟ್ಟಿಲಿನಲ್ಲಿ ಒಂದು ಪುಟ್ಟ ನಾಟಕವಿದೆ. ಸೊಲೊಮನ್ ದೊರೆಯ ದೇವಾಲಯ ಕಟ್ಟಿದ ಹಿರಮ್ ಎಂಬ ಶಿಲ್ಪಿ ಗುಟ್ಟು ಬಿಟ್ಟುಕೊಡದೆ ಸತ್ತ ಕಥೆ ಅದು. ಹೊಸಬನೇ ಹಿರಮ್ ಆಗಬೇಕು. ಅವನನ್ನು ಸತ್ತವನಂತೆ ಮಲಗಿಸುತ್ತಾರೆ, ಆಮೇಲೆ ಕೈ ಹಿಡಿದು ಎಬ್ಬಿಸುತ್ತಾರೆ. ಆ ಸಂಜೆ ನರೇಂದ್ರ ಹಾಗೆ ಮಲಗಿದಾಗ, ತಂದೆ ಹೋಗಿ ಮೂರು ತಿಂಗಳೂ ತುಂಬಿರಲಿಲ್ಲ.