ಸಂಕ್ರಾಂತಿಯ ದಾನ: ಶಾಸನದ ಕಲ್ಲು, ಸುಗ್ಗಿಯ ಕಣ

ಮಾನ್ಯ ಸಭಿಕರೇ,

ಸಂಕ್ರಾಂತಿಯೆಂದರೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಎಳ್ಳು ಬೀರುವ ಸಂಭ್ರಮ. ಹಳೆಯ ಮೈಸೂರು ಸೀಮೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳ ಜೊತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು ಮನೆಯಿಂದ ಮನೆಗೆ ಹೋಗುತ್ತವೆ. ಉತ್ತರ ಕರ್ನಾಟಕದಲ್ಲಿ ಕುಸುರೆಳ್ಳು ಕೈಯಿಂದ ಕೈಗೆ ದಾಟುತ್ತದೆ. ಇದು ಸರಿಸಮಾನರ ನಡುವಿನ ಕೊಡುಕೊಳ್ಳುವಿಕೆ. ಕೊಟ್ಟವರ ಮನೆಗೆ ಸಂಜೆಯೊಳಗೆ ಹೆಚ್ಚುಕಡಿಮೆ ಅಷ್ಟೇ ಎಳ್ಳು ಮರಳಿ ಬಂದಿರುತ್ತದೆ. ಅದರ ಸೊಗಸು ಅದಕ್ಕಿದೆ. ಆದರೆ ಇದೇ ಹಬ್ಬಕ್ಕೆ ಸೇರಿದ್ದ ಇನ್ನೊಂದು ಬಗೆಯ ಕೊಡುಗೆಯನ್ನು, ಎಂದರೆ ಮರಳಿ ಬಾರದೆಂದು ತಿಳಿದೇ ಕೊಟ್ಟ ದಾನವನ್ನು, ನಾವು ಮರೆಯುತ್ತಿದ್ದೇವೆಂಬುದು ನನ್ನ ಕಳವಳ. ನಮ್ಮ ಹಿರಿಯರಿಗೆ ಈ ದಿನ ವರ್ಷಾನುವರ್ಷ ನಡೆಯಬೇಕಾದ ಒಂದು ಏರ್ಪಾಟನ್ನು ಆರಂಭಿಸುವ ದಿನವಾಗಿತ್ತು.

ಇದಕ್ಕೆ ಸಾಕ್ಷಿ ಕನ್ನಡ ನಾಡಿನ ಊರೂರಿನಲ್ಲಿ ನಿಂತಿರುವ ದಾನಶಾಸನಗಳು. ದತ್ತಿ ಬಿಟ್ಟ ದಿನವನ್ನು ಹೇಳುವ ಸಾಲಿನಲ್ಲಿ ಸೂರ್ಯಗ್ರಹಣ, ಸೋಮಗ್ರಹಣ, ವ್ಯತೀಪಾತವೆಂಬ ಪಂಚಾಂಗದ ಯೋಗ ಇವುಗಳ ಜೊತೆಗೆ ಮತ್ತೆ ಮತ್ತೆ ಕಾಣಿಸುವುದು ‘ಉತ್ತರಾಯಣ ಸಂಕ್ರಾಂತಿ’. ಆ ದಿನ ಅರಸನೋ ದಂಡನಾಯಕನೋ ಊರ ಗಾವುಂಡನೋ ದೇವಾಲಯದ ಆಚಾರ್ಯರ ಕಾಲು ತೊಳೆದು, ಧಾರೆಯೆರೆದು, ಇಷ್ಟು ಮತ್ತರು (ಅಂದಿನ ನೆಲದ ಅಳತೆ) ಭೂಮಿಯೆಂದು ಅಳೆದು ಬಿಡುತ್ತಿದ್ದನು. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಕೆರೆಯ ಏರಿ, ಎಲ್ಲಿ ನೆಟ್ಟ ಕಲ್ಲು ಎಂಬುದನ್ನೆಲ್ಲ ಬರೆಸುತ್ತಿದ್ದರು. ಆ ಹುಟ್ಟುವಳಿಯಲ್ಲಿ ದೇವರ ಅಂಗಭೋಗಕ್ಕೆ, ಎಂದರೆ ಪೂಜೆ ಅಲಂಕಾರಗಳಿಗೆ, ಗುಡಿಯ ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ಉದ್ದೇಶವನ್ನೂ ಕಾಣಿಸುತ್ತಿದ್ದರು. ಭೂಮಿಯಿಲ್ಲದವರೂ ಹಿಂದುಳಿಯಲಿಲ್ಲ: ಎಣ್ಣೆಗಾಣದವರು ನಂದಾದೀವಿಗೆಗೆ ಗಾಣಕ್ಕೊಂದು ಸೊಲ್ಲಗೆಯಷ್ಟು (ಅದೊಂದು ಸಣ್ಣ ಅಳತೆ) ಎಣ್ಣೆಯನ್ನು, ವ್ಯಾಪಾರಿಗಳು ಹೇರಿಗೆ ಇಷ್ಟು ಎಲೆ, ಇಷ್ಟು ಅಡಕೆ ಎಂದು ಗೊತ್ತುಪಡಿಸಿ ಕೊಟ್ಟ ಶಾಸನಗಳೂ ಇವೆ. ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರು, ಲಿಂಗ, ಕರುವಿಗೆ ಹಾಲೂಡುವ ಹಸು; ಕೊನೆಯಲ್ಲಿ, ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಸಿದವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುವನೆಂಬ ಶಾಪ. ತನ್ನ ಮಕ್ಕಳು ಮೊಮ್ಮಕ್ಕಳೇ ಮುಂದೆ ಈ ದತ್ತಿಯನ್ನು ನುಂಗಬಹುದೆಂದು ದಾನಿಗೆ ಗೊತ್ತಿತ್ತೆಂಬುದು ಆ ಶಾಪವನ್ನು ಓದಿದಾಗ ನನಗೆ ಸ್ಪಷ್ಟವಾಗುತ್ತದೆ.

ಇಂಥ ದತ್ತಿಗಳು ಸೇರಿ ಏನಾಗುತ್ತಿತ್ತೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ನೋಡಬೇಕು. 1162ರ ಶಾಸನವೊಂದು ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಎಡೆಯೆಂದು ಮಾತ್ರವಲ್ಲದೆ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುವ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನೀಡುವ, ಸಕಲ ಜೀವಿಗಳಿಗೂ ಅಭಯವೀಯುವ ಸ್ಥಾನವೆಂದು ಬಣ್ಣಿಸುತ್ತದೆ. ಶಾಲೆ, ಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿ ನಡೆಯಬೇಕಾದರೆ ಹಬ್ಬದ ದಿನದ ಉದಾರತೆಯೊಂದೇ ಸಾಲದು. ಅದರ ಬೆನ್ನಿಗೆ ವರ್ಷಪೂರ್ತಿ ಬರುವ ಆದಾಯ ಬೇಕು.

ಶಾಸನ ಬರೆಸಲಾರದ ರೈತನ ದಾನ ಕಣದಲ್ಲಿ ನಡೆಯುತ್ತಿತ್ತು. ಸಂಕ್ರಾಂತಿಯ ಆಸುಪಾಸು ಸುಗ್ಗಿಯ ಕಾಲ. ಕಣವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ರಾಗಿ ಒಕ್ಕಿ, ಗಾಳಿ ನೋಡಿ ತೂರಿ, ರಾಶಿ ಮಾಡಿ, ಅದರ ನೆತ್ತಿಗೆ ಗರಿಕೆ ಸಿಕ್ಕಿಸಿದ ಬೆನಕನನ್ನಿಟ್ಟು ಪೂಜಿಸಿದ ಮೇಲೆ ಕೊಳಗ ಹಿಡಿದು ಅಳೆಯುತ್ತಿದ್ದರು. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ವಾಡಿಕೆ. ಧಾನ್ಯ ಮನೆಯ ಹೊಸ್ತಿಲು ದಾಟುವ ಮೊದಲೇ ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರಗಂಟಿಯವರ ಆಯ, ಎಂದರೆ ವರ್ಷದ ದುಡಿಮೆಗೆ ಸಲ್ಲಬೇಕಾದ ಧಾನ್ಯದ ಪಾಲು, ಅಲ್ಲೇ ತೀರಬೇಕು. ಶಂಖ ಜಾಗಟೆಯ ದಾಸಯ್ಯನಿಗೂ, ಕಿನ್ನರಿಯ ಜೋಗಿಗೂ, ಮೊರ ಹಿಡಿದು ಬಂದ ಬಡ ಹೆಂಗಸಿಗೂ ರಾಶಿಯಿಂದಲೇ ಕೊಡಬೇಕು. ಮನೆಯ ಕಣಜ ಸೇರಿದ ಧಾನ್ಯವನ್ನು ಮತ್ತೆ ತೆಗೆದುಕೊಡಲು ಕೈ ಬಾರದೆಂಬ ಅರಿವು ಈ ಕ್ರಮದ ಹಿಂದಿದೆಯೆಂದು ನಾನು ಭಾವಿಸುತ್ತೇನೆ. ಆದರೂ ಇದನ್ನು ಬರಿಯ ಸೊಬಗಾಗಿ ನೆನೆಯುವುದು ಅನ್ಯಾಯವಾದೀತು. ಆಯವು ದುಡಿಮೆಯ ಕೂಲಿ. ಅದನ್ನು ದಾನವೆಂಬಂತೆ ಕೊಟ್ಟ, ಜಾತಿಯ ಕಾರಣಕ್ಕೆ ಕೆಲವರನ್ನು ಕಣದ ಅಂಚಿನಲ್ಲೇ ನಿಲ್ಲಿಸಿದ ನಡತೆಯೂ ಈ ಚರಿತ್ರೆಯ ಭಾಗವೇ ಆಗಿದೆ.

ಇಂದಿಗೂ ಈ ಋತುವಿನ ದಾನ ಜೀವಂತವಾಗಿರುವ ಎಡೆ ಕೊಪ್ಪಳದ ಗವಿಮಠ. ಪುಷ್ಯ ಬಹುಳ ಬಿದಿಗೆಯಂದು ಗವಿಸಿದ್ಧೇಶ್ವರರ ತೇರು ಎಳೆಯುತ್ತಾರೆ. ಅದರ ಸುತ್ತಿನ ದಿನಗಳಲ್ಲಿ ಮಹಾದಾಸೋಹ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಒಟ್ಟಾಗಿ ಕೂತು ರೊಟ್ಟಿ ಬಡಿದು, ಗಂಡಸರು ಜೋಳ, ತರಕಾರಿ, ಮಾದಲಿ ಹೊಂದಿಸಿ, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆಯಾಗಿ ಮಠಕ್ಕೆ ತಂದೊಪ್ಪಿಸುತ್ತಾರೆ. ಒಣಗಿಸಿದ ಜೋಳದ ರೊಟ್ಟಿ ದಿನಗಟ್ಟಲೆ ಕೆಡದಿರುವುದರಿಂದ ವಾರಗಳ ಮುಂಚೆಯೇ ಈ ಕೆಲಸ ತೊಡಗುತ್ತದೆ. ಕೊಟ್ಟವರೇ ಮುಂದೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಅವರ ಪಕ್ಕದಲ್ಲಿ ಏನನ್ನೂ ತರಲಾಗದವರೂ ಕೂತಿರುತ್ತಾರೆ. ಕಣದ ಅಂಚಿನ ಅವಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ನಗರದಲ್ಲಿ ಕಣವಿಲ್ಲ, ರಾಶಿಯಿಲ್ಲ, ಆದರೆ ಸಂಬಳವಿದೆ, ಬಡಾವಣೆಯ ಸಂಘಗಳಿವೆ. ಸಂಕ್ರಾಂತಿಯಂದು ಹತ್ತು ಮನೆಗಳವರು ಸೇರಿ, ಹತ್ತಿರದ ಒಂದು ವಿದ್ಯಾರ್ಥಿ ನಿಲಯಕ್ಕೆ ವರ್ಷದ ರಾಗಿ, ತೊಗರಿಬೇಳೆಯನ್ನು ವಹಿಸಿಕೊಳ್ಳಬಹುದು. ಯಾವ ಮನೆಯಿಂದ ಎಷ್ಟು, ಯಾವ ತಿಂಗಳು ಯಾರು ತಲುಪಿಸಬೇಕು, ಒಬ್ಬರು ಊರು ಬಿಟ್ಟರೆ ಅವರ ಪಾಲು ಯಾರದು ಎಂಬುದನ್ನು ಶಾಸನದ ಮಾದರಿಯಲ್ಲೇ ಒಂದು ಹಾಳೆಯಲ್ಲಿ ಬರೆದು, ಎಲ್ಲರೂ ರುಜು ಹಾಕಿ, ಒಂದು ಪ್ರತಿಯನ್ನು ಆ ನಿಲಯದ ಅಡುಗೆಯವರ ಕೈಗೆ ಕೊಡಬೇಕೆಂದು ನಾನು ನಿಮ್ಮೆಲ್ಲರನ್ನು ಕೇಳಿಕೊಳ್ಳುತ್ತೇನೆ.