ತಿಂಡಿಯ ಪಾಳಿ

ಕೇಳುಗರೇ, ನಮಸ್ಕಾರ.

ಮಗನನ್ನೋ ಮಗಳನ್ನೋ ಯಾವುದಾದರೂ ಆಟದ ತಂಡಕ್ಕೆ ಸೇರಿಸಿದರೆ ಹೆತ್ತವರ ಕೈಗೆ ಎರಡು ಪಟ್ಟಿ ಬರುತ್ತವೆ. ಯಾವತ್ತು ಯಾರ ಜೊತೆ ಪಂದ್ಯ ಅನ್ನುವುದು ಒಂದು. ಯಾವ ವಾರ ಯಾರ ಮನೆಯಿಂದ ತಿಂಡಿ ಅನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಎರಡನೆಯದರ ಬಗ್ಗೆ.

ಚಿಕ್ಕ ವಿಷಯವೇ, ಅಲ್ವಾ? ಹತ್ತು ಹದಿನೈದು ಮಕ್ಕಳು, ಒಂದು ಗಂಟೆ ಆಟ, ಆಮೇಲೆ ಬಾಯಿಗೆ ಒಂದಿಷ್ಟು. ಒಬ್ಬರ ಮೇಲೇ ಭಾರ ಬೀಳದಿರಲಿ ಅಂತ ಪಾಳಿ. ಆದರೆ ಭಾರ ಇಳಿಸಲು ಮಾಡಿದ ಪಾಳಿಯೇ ವಾರದಿಂದ ವಾರಕ್ಕೆ ಭಾರ ಏರಿಸುತ್ತದೆ. ಮೊದಲ ವಾರದವರು ಬಾಳೆಹಣ್ಣು ತರುತ್ತಾರೆ. ಎರಡನೇ ವಾರದವರಿಗೆ, ನಾವೂ ಬರೀ ಬಾಳೆಹಣ್ಣು ತಂದರೆ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ಬಿಸ್ಕತ್ತು, ಜ್ಯೂಸು ಸೇರುತ್ತದೆ. ಮೂರನೇ ವಾರ ಒಬ್ಬೊಬ್ಬ ಮಗುವಿನ ಹೆಸರು ಬರೆದ ಚೀಲ, ಒಳಗೆ ಚಾಕೊಲೇಟು, ಕೇಕು, ಮೇಲೊಂದು ಪುಟ್ಟ ಆಟಿಕೆ. ನಾಲ್ಕನೇ ವಾರದ ಮನೆಯವರು ಪಂದ್ಯದ ಹಿಂದಿನ ರಾತ್ರಿ ನಿದ್ದೆಗೆಟ್ಟು ಚೀಲ ತುಂಬುತ್ತಾ ಕೂರುತ್ತಾರೆ. ಹೀಗೆ ಮಾಡಿ ಅಂತ ಯಾರೂ ಹೇಳಿರುವುದಿಲ್ಲ. ಸಾಕು ಅಂತಲೂ ಯಾರೂ ಹೇಳುವುದಿಲ್ಲ.

ನನ್ನ ಮಾತು ಇಷ್ಟೇ. ಯಾರು ತರಬೇಕು ಅನ್ನುವುದಕ್ಕೆ ಪಾಳಿ ಇರಲಿ. ಏನು ತರಬೇಕು ಅನ್ನುವುದನ್ನು ಪಾಳಿಗೆ ಬಿಡಬೇಡಿ. ಅದನ್ನು ಸೀಸನ್ ಶುರುವಾಗುವ ಮೊದಲೇ ಎಲ್ಲರೂ ಕೂತು ಒಂದೇ ಸಲ ಗೊತ್ತು ಮಾಡಿಬಿಡಿ. ನೀರು, ಒಂದು ಹಣ್ಣು. ಪ್ರತಿ ವಾರವೂ ಅದೇ.

ಮಕ್ಕಳಿಗೆ ಬೇಜಾರಾಗುವುದಿಲ್ಲವೇ ಅಂತೀರಾ? ಆಟ ಮುಗಿದಾಗ ಅವರನ್ನು ಒಮ್ಮೆ ನೋಡಿ. ವಿಸಲ್ ಊದಿದ್ದೇ ತಡ, ಓಡಿ ಬರುತ್ತಾರೆ. ಮಂಡಿಯೆಲ್ಲ ಮಣ್ಣು. ಕಿತ್ತಳೆ ಹೋಳನ್ನು ಸಿಪ್ಪೆ ಸಮೇತ ಬಾಯಿಗೆ ಅಡ್ಡ ಇಟ್ಟು ಹೀರುತ್ತಾರೆ. ರಸ ಮೊಣಕೈವರೆಗೆ ಇಳಿಯುತ್ತದೆ. ಆಮೇಲೆ ಆ ಸಿಪ್ಪೆಯನ್ನೇ ಹಲ್ಲಿನ ಮೇಲೆ ಕೂರಿಸಿಕೊಂಡು ಒಬ್ಬರಿಗೊಬ್ಬರು ಹಲ್ಲು ಕಿರಿಯುತ್ತಾರೆ. ಹೋದ ವಾರವೂ ಇದೇ ಮಾಡಿದ್ದರು. ಬೇಜಾರಾದಂತೆ ಕಾಣಲಿಲ್ಲ.

ಇನ್ನು ಹೊಟ್ಟೆಯ ಲೆಕ್ಕ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು, ನಾಲ್ಕನೇ ತರಗತಿ ಮಕ್ಕಳ ಪಂದ್ಯಗಳಿಗೆ ಹೋಗಿ, ಆಡಿದ್ದೆಷ್ಟು, ಆಮೇಲೆ ತಿಂದದ್ದೆಷ್ಟು ಅಂತ ಬರೆದುಕೊಂಡರು. ಆಟದಲ್ಲಿ ಒಂದು ಮಗು ಸರಾಸರಿ 170 ಕ್ಯಾಲೊರಿ ಖರ್ಚು ಮಾಡಿತ್ತು. ಆಟದ ನಂತರದ ತಿಂಡಿಯಿಂದ ಒಳಗೆ ಹೋದದ್ದು 213. ಓಡಿದ್ದೂ ಹೋಯಿತು, ಮೇಲೆ ಒಂದಿಷ್ಟು ಸಾಲ! ಸುಮ್ನೆ ಕೂತಿದ್ದರೆ ಅಷ್ಟು ತಿನ್ನುತ್ತಿದ್ದರೋ ಇಲ್ಲವೋ.

ಆ ತಿಂಡಿಯ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಸಿಹಿ ಪಾನೀಯದ್ದು. ಆಟಗಾರರ ಚಿತ್ರವಿರುವ ಬಣ್ಣ ಬಣ್ಣದ ಬಾಟಲಿ ಕಂಡರೆ ಇದು ಆಟಕ್ಕೆ ಬೇಕೇ ಬೇಕು ಅನ್ನಿಸುತ್ತದೆ. ಆ ಪಾನೀಯದ ಕಥೆ ಕೇಳಿ. 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಹುಡುಗರು ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಆಡಿ, ಬೆವರಿ ಸುಸ್ತಾಗಿ ಬೀಳುತ್ತಿದ್ದರು. ಅಲ್ಲಿನ ವೈದ್ಯರು ನೀರಿಗೆ ಉಪ್ಪು, ಸಕ್ಕರೆ ಸೇರಿಸಿ ಅವರಿಗಾಗಿ ಮಾಡಿದ್ದೇ ಗೇಟೊರೇಡ್. ಬೆಳೆದ ಹುಡುಗರು, ಹೆಗಲ ಮೇಲೆ ಕವಚದ ಭಾರ, ಲೀಟರುಗಟ್ಟಲೆ ಬೆವರು. ನಮ್ಮ ಎಂಟು ವರ್ಷದ ಮಗು ಅರ್ಧ ಹೊತ್ತು ಮೈದಾನದ ಅಂಚಲ್ಲಿ ಹುಲ್ಲು ಕೀಳುತ್ತಾ ನಿಂತಿರುತ್ತದೆ. ಅದಕ್ಕೆ ನೀರು ಸಾಕು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2011ರಲ್ಲಿ ಇದನ್ನೇ ಹೇಳಿದೆ. ಎನರ್ಜಿ ಡ್ರಿಂಕ್ ಅಂತೂ ಮಕ್ಕಳಿಗೆ ಬೇಡವೇ ಬೇಡ ಎಂದಿದೆ. ಅರ್ಧ ಲೀಟರ್ ಸ್ಪೋರ್ಟ್ಸ್ ಡ್ರಿಂಕಿನಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಹೊರಗಿಂದ ಸೇರಿಸಿದ ಸಕ್ಕರೆ, ಜ್ಯೂಸಿನ ಸಕ್ಕರೆ ಎಲ್ಲ ಸೇರಿ ದಿನದ ಆಹಾರದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮೀರಬಾರದು, ಅದರ ಅರ್ಧಕ್ಕಿಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 1600 ಕ್ಯಾಲೊರಿ ತಿನ್ನುವ ಮಗುವಿಗೆ ಅದು 40 ಗ್ರಾಂ, ಅರ್ಧಕ್ಕಿಳಿಸಿದರೆ 20. ಒಂದೇ ಬಾಟಲಿಗೆ ಎಷ್ಟು ಹೋಯಿತು ನೋಡಿ.

ಒಂದೇ ದಿನ ಎರಡು ಮೂರು ಪಂದ್ಯ ಇರುವ ಟೂರ್ನಿಗಳ ವಿಷಯ ಬೇರೆ. ಅಲ್ಲಿ ಹೊಟ್ಟೆಗೆ ಗಟ್ಟಿಯಾಗಿ ಬೇಕು. ಅಂಥ ದಿನ ಅವರವರ ಮನೆಯ ಡಬ್ಬಿಯೇ ವಾಸಿ.

ಈಗ ಅಲರ್ಜಿಯ ಮಾತು. ಇದನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಕಡಲೆಕಾಯಿ ಆಗದ ಹುಡುಗನೊಬ್ಬ ತಂಡದಲ್ಲಿದ್ದಾನೆ ಅನ್ನಿ. ಎಲ್ಲರಿಗೂ ಪೊಟ್ಟಣ ಹಂಚುತ್ತಾರೆ. ಉಳಿದವರು ಹರಿದು ಅರ್ಧ ತಿಂದಿರುತ್ತಾರೆ. ಇವನು ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣಕ್ಷರ ಓದುತ್ತಾ ನಿಂತಿರುತ್ತಾನೆ. "ಆಂಟಿ, ಇದರಲ್ಲಿ ಕಡಲೆಕಾಯಿ ಇದೆಯಾ?" ಆಂಟಿಗೂ ಗೊತ್ತಿಲ್ಲ. ಅವನು ಪೊಟ್ಟಣವನ್ನು ಪಕ್ಕದವನಿಗೆ ಕೊಟ್ಟು, ಶೂ ಬಿಚ್ಚುವ ನೆಪದಲ್ಲಿ ದೂರ ಹೋಗಿ ಕೂರುತ್ತಾನೆ. ಮನೆಯಲ್ಲಿ ಮಾಡಿ ತಂದದ್ದಾದರೆ ಓದಲು ಅಕ್ಷರವೂ ಇರುವುದಿಲ್ಲ. ಹೀಗಾಗಿ ಪಟ್ಟಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಏನು ಆಗುವುದಿಲ್ಲ ಅಂತ ಬರೆಯಲು ಜಾಗ ಇರಲಿ. ಒಂದು ಮಗುವಿಗೆ ಆಗದ್ದು ಆ ಸೀಸನ್ನಿಗೆ ಯಾರಿಗೂ ಬೇಡ. ಅವನಿಗೆ ಮಾತ್ರ ಬೇರೆ ಪೊಟ್ಟಣ ತಂದಿದ್ದೀವಲ್ಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಆಡುವ ಮಕ್ಕಳ ಜೊತೆ ತಮ್ಮ ತಂಗಿಯರೂ ಬಂದಿರುತ್ತಾರೆ, ಅವರ ಕೈಯೂ ಮುಂದೆ ಬರುತ್ತದೆ. ನಾಲ್ಕೈದು ಜಾಸ್ತಿಯೇ ತನ್ನಿ. ಐದು ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ಸೀಳಿ ಕೊಡಬೇಕು. ಹೆಚ್ಚಿದ ಹಣ್ಣು ಹೊರಗಿಟ್ಟರೆ ಎರಡು ಗಂಟೆ ಮೀರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಸಿಪ್ಪೆ ಸಮೇತದ ಬಾಳೆಹಣ್ಣಿಗೆ ಈ ರಗಳೆಯೇ ಇಲ್ಲ.

ಪಟ್ಟಿಯ ತಲೆಯಲ್ಲಿ "ಪೋಷಕರು" ಅಂತ ಇರುತ್ತದೆ. ಆದರೆ ಸಂದೇಶ ಬರುವುದು ಅಮ್ಮನ ಫೋನಿಗೆ, ಹಣ್ಣು ತೊಳೆಯುವುದು ಅಮ್ಮ, ಮರೆತರೆ ಮಾತು ಕೇಳುವುದೂ ಅಮ್ಮ. ಅಪ್ಪಂದಿರು ಪಂದ್ಯ ಚೆನ್ನಾಗಿ ನೋಡುತ್ತಾರೆ, ಅಂಪೈರಿಗೂ ಸಲಹೆ ಕೊಡುತ್ತಾರೆ! ಪಟ್ಟಿಯಲ್ಲಿ ಮನೆಯ ಬದಲು ವ್ಯಕ್ತಿಯ ಹೆಸರು ಬರೆಯಿರಿ. ಒಂದು ಸುತ್ತು ಅಮ್ಮಂದಿರದು, ಮುಂದಿನ ಸುತ್ತು ಅಪ್ಪಂದಿರದು. ಬಾಳೆಹಣ್ಣು ಯಾರು ತಂದರೂ ಬಾಳೆಹಣ್ಣೇ.

ದುಡ್ಡಿನ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹದಿನೈದು ಮಕ್ಕಳಿಗೆ ಚೀಲ ತುಂಬುವುದು ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ಆ ವಾರದ ಲೆಕ್ಕವೇ ತಪ್ಪುತ್ತದೆ. ಪಾಳಿಯ ದಿನ ಮಗುವಿಗೆ ಮೈ ಸರಿಯಿಲ್ಲ ಅಂತ ಸುದ್ದಿ ಬಂದರೆ, ಕೆಲವೊಮ್ಮೆ ಮೈ ಚೆನ್ನಾಗಿಯೇ ಇರುತ್ತದೆ. ನೀರು, ಹಣ್ಣು ಅಂತ ಗೊತ್ತಾಗಿಬಿಟ್ಟರೆ ಅರ್ಧ ಸಂಕಟ ಅಲ್ಲೇ ಕಳೆಯಿತು. ಆದವರು ಆದಷ್ಟು ಒಂದು ಡಬ್ಬಿಗೆ ಹಾಕಿ, ಒಬ್ಬರು ಕೊಂಡು ತಂದು, ಪಾಳಿಯವರು ಬರೀ ತೊಳೆದು ಹಂಚಿದರೂ ಆಯಿತು. ಡಬ್ಬಿಗೆ ಯಾರು ಎಷ್ಟು ಹಾಕಿದರು ಅಂತ ಬರೆದಿಡಬೇಡಿ.

ಪಾಳಿಯವರು ಮರೆತೇ ಬಿಟ್ಟರೆ? ನೀರು ಕುಡಿಸಿ ಮನೆಗೆ ಕರೆದುಕೊಂಡು ಹೋಗಿ, ಅಲ್ಲಿ ಊಟ ಇರುತ್ತದೆ. ಕೊನೆಯ ಪಂದ್ಯಕ್ಕೆ ಕೇಕು ಬೇಕು ಅನ್ನಿಸಿದರೆ ಎಲ್ಲರೂ ಸೇರಿ ಒಂದು ತನ್ನಿ, ಗೆದ್ದರೂ ಸರಿ, ಸೋತರೂ ಸರಿ. ಮಕ್ಕಳು ಹನ್ನೆರಡು ದಾಟಿದ ಮೇಲೆ ಪಾಳಿ ನಿಲ್ಲಿಸಿಬಿಡಿ. ಆ ವಯಸ್ಸಿಗೆ ತಮ್ಮ ಬಾಟಲಿ ತಾವೇ ತುಂಬಿಕೊಳ್ಳಲಿ, ಹಣ್ಣು ತಾವೇ ಬ್ಯಾಗಿಗೆ ಹಾಕಿಕೊಳ್ಳಲಿ. ಮರೆತವರಿಗೆ ಪಕ್ಕದವರು ಅರ್ಧ ಕೊಡುತ್ತಾರೆ.

ನಮಸ್ಕಾರ.