ಬಿಳಿಗಾರದೊಳಗಿನ ಬೋರಾನ್

ರೈತ ಬಾಂಧವರಿಗೆ ನಮಸ್ಕಾರ.

ದ್ರಾಕ್ಷಿ ಗೊನೆಯಲ್ಲಿ ಕೆಲವು ಕಾಳು ದಪ್ಪಗಾಗಿ, ಉಳಿದವು ಸಣ್ಣಗೇ ನಿಂತುಬಿಡುವುದನ್ನು ತಿಕೋಟಾ, ಬಬಲೇಶ್ವರದ ಕಡೆಯವರು ಕಂಡಿರುತ್ತೀರಿ. ಬಾಗಲಕೋಟೆಯ ತೋಟಗಳಲ್ಲಿ ದಾಳಿಂಬೆ ಬಿರಿಯುವುದೂ ಹೊಸತಲ್ಲ. ಇವಕ್ಕೆ ಕಾರಣ ಹಲವು. ನೀರು ಹೆಚ್ಚುಕಡಿಮೆಯಾದರೂ ಹಣ್ಣು ಬಿರಿಯುತ್ತದೆ, ಸತು ಕಡಿಮೆಯಾದರೂ ಕಾಳು ತುಂಬುವುದಿಲ್ಲ. ಆದರೆ ಎರಡು ಕಡೆಯೂ ಅನುಮಾನ ಪಡಬೇಕಾದ ಇನ್ನೊಂದು ಧಾತು ಬೋರಾನ್.

ಅದು ನಿಮಗೆ ಅಪರಿಚಿತವೇನಲ್ಲ. ಪತ್ತಾರರು ಬಂಗಾರ ಬೆಸೆಯುವಾಗ ಚಿಟಿಕೆ ಹಾಕುವ ಬಿಳಿಗಾರ ಬೋರಾನಿನದೇ ಲವಣ. ಬೆಂಕಿ ತಾಗಿದೊಡನೆ ಅದು ಜೋಳದ ಅರಳಿನಂತೆ ಉಬ್ಬಿ ತನ್ನೊಳಗಿನ ನೀರನ್ನು ಬಿಡುತ್ತದೆ. ಆಮೇಲೆ ಕರಗಿ, ಲೋಹದ ಮೇಲಿನ ಆಕ್ಸೈಡ್ ಪದರವನ್ನು ಎಳೆದುಕೊಳ್ಳುತ್ತದೆ. ಮೈ ಶುದ್ಧವಾದ ಮೇಲೆ ಬೆಸುಗೆ ಹಿಡಿಯುತ್ತದೆ. ಹಿಂದೆ ಈ ಸರಕು ಟಿಬೆಟ್ಟಿನಿಂದ, ಲಡಾಖಿನ ಪುಗಾ ಕಣಿವೆಯಿಂದ ಇಳಿದು ಬರುತ್ತಿತ್ತು. ಇಂದು ಜಗತ್ತಿನ ಅತಿ ದೊಡ್ಡ ನಿಕ್ಷೇಪ ಟರ್ಕಿಯಲ್ಲಿದೆ.

ಬೋರಾನನ್ನು ಬೇರ್ಪಡಿಸಿದ್ದು 1808ರಲ್ಲಿ, ಲಂಡನ್ನಿನಲ್ಲಿ ಡೇವಿ, ಪ್ಯಾರಿಸ್ಸಿನಲ್ಲಿ ಗೇ-ಲುಸಾಕ್ ಮತ್ತು ತೆನಾರ್ ಎಂಬ ರಸಾಯನ ವಿಜ್ಞಾನಿಗಳು. ಪರಮಾಣು ಸಂಖ್ಯೆ 5. ಇತ್ತ ಲೋಹವೂ ಅಲ್ಲ, ಅತ್ತ ಅಲೋಹವೂ ಅಲ್ಲ. ಕರಗಲು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು. ಪ್ರಯೋಗಶಾಲೆಯ ಬೀಕರು ಉರಿಗೆ ಸೀಳದಿರುವುದು ಗಾಜಿನಲ್ಲಿ ಇದು ಸೇರಿರುವುದರಿಂದ. ಅಣುಸ್ಥಾವರದಲ್ಲಿ ನ್ಯೂಟ್ರಾನ್ ಹೀರಲೂ ಇದೇ ಬೇಕು. ಅದಿರಲಿ, ಹೊಲಕ್ಕೆ ಬರೋಣ.

ಗಿಡಕ್ಕೆ ಬೋರಾನ್ ಬೇಕೇ ಬೇಕೆಂದು 1923ರಲ್ಲಿ ಇಂಗ್ಲೆಂಡಿನ ಕ್ಯಾಥರಿನ್ ವಾರಿಂಗ್ಟನ್ ಎಂಬ ವಿಜ್ಞಾನಿ ಅವರೆಕಾಯಿ ಜಾತಿಯ ಗಿಡದಲ್ಲಿ ತೋರಿಸಿದರು. ಜೀವಕೋಶದ ಗೋಡೆಯನ್ನು ಬಿಗಿಯುವುದು, ಪರಾಗದ ನಳಿಕೆಯನ್ನು ಬೆಳೆಸುವುದು ಅದರ ಕೆಲಸ. ನಳಿಕೆ ಬೆಳೆಯದಿದ್ದರೆ ಹೂವಿದ್ದೂ ಕಾಯಿ ಕಚ್ಚುವುದಿಲ್ಲ. ನಮ್ಮ ಸುಣ್ಣದಂಶದ ಕರಿಮಣ್ಣಿನಲ್ಲಿ ಬೋರಾನ್ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ಮಣ್ಣು ಒಣಗಿದರಂತೂ ಇನ್ನೂ ಕಷ್ಟ.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಬೋರಾನ್ ಕಿಲೋ ಮಣ್ಣಿಗೆ ಅರ್ಧ ಮಿಲಿಗ್ರಾಂಗಿಂತ ಕಡಿಮೆ ಎಂದಿದ್ದರೆ ಕೊರತೆ ಎಂದು ತಿಳಿಯಿರಿ. ಹೂ ಬಿಡುವ ಮೊದಲು ಲೀಟರ್ ನೀರಿಗೆ ಒಂದು ಗ್ರಾಂ ಆಸುಪಾಸು ಬೋರಿಕ್ ಆಮ್ಲ ಸಿಂಪಡಿಸುವುದುಂಟು. ಬೋರಿಕ್ ಆಮ್ಲದಲ್ಲಿ ಬೋರಾನ್ ಶೇಕಡಾ 17, ಬಿಳಿಗಾರದಲ್ಲಿ 11. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಪಕ್ಕದ ತೋಟದವರು ಹೊಡೆದರೆಂದು ನೀವೂ ಹೊಡೆಯುವ ಚಾಳಿ ಇಲ್ಲಿ ದುಬಾರಿ. ಕೊರತೆಗೂ ಅತಿಗೂ ನಡುವಿನ ಅಂತರ ಬಹಳ ಕಿರಿದು. ಹೆಚ್ಚಾದರೆ ಹಳೆಯ ಎಲೆಗಳ ಅಂಚು ಹಳದಿಯಾಗಿ ಸುಡುತ್ತದೆ. ಕೆಲವು ಕೊಳವೆಬಾವಿಗಳ ಸವಳು ನೀರಿನಲ್ಲೇ ಬೋರಾನ್ ಇರುತ್ತದೆ, ಆದ್ದರಿಂದ ನೀರನ್ನೂ ಪರೀಕ್ಷೆಗೆ ಕೊಡಿ. ಅತಿಯಾದ ಬೋರಾನನ್ನು ಬೇರಿನ ಕೆಳಗೆ ಇಳಿಸಲು ಸಿಹಿನೀರನ್ನು ಧಾರಾಳವಾಗಿ ಹಾಯಿಸಬೇಕು. ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಅಷ್ಟು ಸಿಹಿನೀರು ಯಾರ ಬಳಿ ಇದೆ?

ನಮಸ್ಕಾರ.